ಅರ್ಧ ಎವಿಯಷ್ಟು ತಡ

ಕರೆಂಟು ಹೋದ್ರ ಬನಹಟ್ಟಿಗೆ ಕಿವಿ ಬರತಾವ.
ಓಣಿ ತುಂಬ ಮಗ್ಗ ಒಮ್ಮೆಲೇ ಬಾಯಿ ಮುಚ್ಚಿ
ಆಡಿನ ಕೆಮ್ಮು ಸೈತ ಕೇಳಸ್ತೈತಿ.
ಅಂಥಾ ಹೊತ್ತಿನ್ಯಾಗ ನನ್ನ ಅಂಗಡಿ ಪಾವಟಗಿ ಹತ್ತಿದ್ಲು
ದಾನವ್ವ ಜಿಡ್ಡಿಮನಿ.
ಕೂದಲದಾಗ ಹತ್ತಿಯ ಧೂಳ,
ಸೆರಗಿನ್ಯಾಗ ಸುತ್ತಿದ್ದು ಬುತ್ತಿ ಅನಕೊಂಡಿದ್ದೆ.
ಬಿಚ್ಚಿದ್ರ, ಅಂಗೈ ಎರಡು ಕೂಡಿದಷ್ಟು ಅಗಲದ
ಗೇಮಿನ ಡಬ್ಬಿ. ಸೆಕೆಂಡ್ ಹ್ಯಾಂಡು. ಒಂದು ಮೂಲಿ ಒಡದದ್ದು.

‘ಇದರಾಗಿನ ಆಟ ಕಂಪ್ಯೂಟರಿಗೆ ಹೋಗಬೇಕು,
ಅಲ್ಲಿಂದ ಮಂದಿಗೆ ಕಾಣಬೇಕು.
ಯಾವ ವೈರು ಹಿಡದ್ರ ಆಕ್ಕೈತಿ, ಮೌಲಾ?’

ಎಷ್ಟು ಮಂದಿ ನೋಡ್ತಾರ, ಅಂದೆ.
‘ಹನ್ನೊಂದು. ಮಳಿ ಇದ್ದ ರಾತ್ರಿ ಹದಿನಾಕು.’
ನಾ ನಗಲಿಲ್ಲ.
ನನ್ನ ಅಂಗಡಿಗೆ ಅಷ್ಟು ಮಂದಿ ಬರೂದಿಲ್ಲ.

ಗೂಟಕ್ಕ ಜೋತಾಡೂ ವೈರೆಲ್ಲಾ ಇಳಿಸಿ
ಗಾಜಿನ ಮ್ಯಾಲ ಹರವಿದೆ.
ಎಲ್ಲಾದರ ಬಾಯಿನೂ ಒಂದಽ,
ಬಾಯಿದ್ದವರಿಗೆಲ್ಲಾ ಮಾತು ಬರತೈತೇನು?
ಈ ಬಿಳೀದು ಬರೇ ಉಣಿಸತೈತಿ,
ಚಾರ್ಜು ಬಿಟ್ಟು ಬ್ಯಾರೇದಕ್ಕೆಲ್ಲಾ ಮೂಕ.
ಈ ಕರೀದು ಫೈಲು ಹೊರತೈತಿ,
ಚಿತ್ರ ಅಂದ್ರ ಮಾರಿ ತಿರುವತೈತಿ.
ಹೆಣದ ಜಡಿಯಂಥಾದ್ದು ಆರನೂರಾ ಐವತ್ತು,
ಡಬ್ಬಿ ಮ್ಯಾಲ ಹುಲಿ ಐತಿ, ಒಳಗ ಏನೈತೋ
ಬರದವಗೂ ಗೊತ್ತಿಲ್ಲ.
ನಿನಗ ಬೇಕಾದ್ದು ಇಂಥಾದ್ದು ನೋಡು,
ಇಲಿ ನುಂಗಿದ ಹಾವಿನಂಗ ನಡುವ ಗಂಟಿದ್ದದ್ದು.
ಎರಡು ಅದಾವ.
ಇದು ಒಂಬೈನೂರು, ಅದು ಎರಡು ಸಾವಿರದ ಮುನ್ನೂರು.

ಆಕಿ ಬಟ್ಟು ಮಡಚಿದ್ಲು.
ರೂಪಾಯಿ ಅಲ್ಲ, ಸೀರಿ ಎಣಸಾಕತ್ತಿದ್ಲು.

ಕರೆಂಟು ಬಂತು. ಊರು ಮತ್ತ ಕಿವುಡಾತು.
ಒಂಬೈನೂರರದ್ದು ಸಿಗಸಿದೆ.
ಕರೀ ಪರದೆ. ನೀಲಿ ಪರದೆ. ಆಮ್ಯಾಲ
ಕೆಂಪು ಕಾರು, ಘಾಟಿನ ರಸ್ತೆ, ಕೆಳಗ ಸಮುದ್ರ.
‘ಬಂತು ನೋಡು!’ ಅಂದೆ,
ಸಮುದ್ರ ನಾನಽ ತಂದವರಂಗ.

ದಾನವ್ವ ಗುಂಡಿ ಒತ್ತಿದ್ಲು, ಬಿಟ್ಲು, ಮತ್ತ ಒತ್ತಿದ್ಲು.
‘ತಡಾ ಐತಿ.’
ಎಲ್ಲಿ?
‘ಕೈಯಾಗ ತಿರುಗಿದ ಮ್ಯಾಲ ಅಲ್ಲಿ ತಿರುಗತೈತಿ.’
ಕಣ್ಣು ಕಿಸದು ನೋಡಿದೆ. ನನಗ ಕಾಣಲಿಲ್ಲ.
‘ಇಪ್ಪತ್ತೆರಡು ವರ್ಷ ಲಾಳಿ ಸಪ್ಪಳ ಕೇಳೇನಿ.
ಬಡಿತ ಕೂದಲಷ್ಟು ಹಿಂದ ಬಿದ್ರ
ಎಳಿ ಹರಿಯೂಕಿಂತ ಮೊದಲ
ನನ್ನ ಕೈ ಮಗ್ಗದ ಮ್ಯಾಲ ಇರತೈತಿ.’

ತುಟ್ಟೀದು ಹಚ್ಚಿದೆ. ಅದಕ್ಕೂ ತಡಾನಽ,
ಮೊದಲಿಂದು ಒಂದು ಎವಿ, ಇದು ಅರ್ಧ ಎವಿ.
ಅರ್ಧ ಎವಿಗೆ ಹದಿನಾಕನೂರು ರೂಪಾಯಿ!
ಆಕಿ ಸುಮ್ಮನ ಕುಂತ್ಲು. ನಾ ಚಾ ಹೇಳಿದೆ.
ಕಪ್ಪು ಖಾಲಿ ಆದಮ್ಯಾಲ ಅಂದ್ಲು:
‘ಸಣ್ಣ ಪರದೆ ನನಗಿರಲಿ, ದೊಡ್ಡದು ಅವರಿಗೆ.
ನಾ ಬಿದ್ದದ್ದು ಅವರಿಗೆ ತಡಾ ಮಾಡಿ ಕಾಣಲಿ.
ಅಷ್ಟೊತ್ತಿಗೆ ಎದ್ದು ನಿಂತಿರ್ತೇನಿ.’

ಒಂಬೈನೂರರದ್ದು ಎಂಟುನೂರಾ ಐವತ್ತಕ್ಕ ಒಯ್ದ್ಲು,
ಮ್ಯಾಲ ಎರಡು ರಬ್ಬರು ಬ್ಯಾಂಡು ಪುಕ್ಕಟ.

ರಾತ್ರಿ ಹತ್ತಕ್ಕ ಫೋನು ತಗದು ಕುಂತೆ.
ಹಿಂದ ಮಗ್ಗ ಬಡಿಯೂ ಸಪ್ಪಳ, ಮುಂದ ಕೆಂಪು ಕಾರು,
ನಡುವ ಆಕಿ ಧ್ವನಿ:
‘ಹನ್ನೆರಡನೇದವರು ಯಾರೋ ಬಂದ್ರಿ. ಊಟಾ ಆತ್ರೀ?’
ಏನು ಟೈಪ್ ಮಾಡ್ಲಿ ತಿಳೀಲಿಲ್ಲ.
ಕಡೀ ಸುತ್ತು. ಮುಂದ ಒಂದಽ ಗಾಡಿ ಇತ್ತು.

ತಟಕ್ಕನ ನನ್ನ ಫ್ಯಾನು ನಿಂತಿತು.
ಊರೆಲ್ಲಾ ಗಪ್ಪಾತು.
ಫೋನಿನ್ಯಾಗ ಮಗ್ಗ ಮಾತ್ರ ಇನ್ನೂ ಬಡೀತಿದ್ದುವು,
ಲೈಟು ಇನ್ನೂ ಉರೀತಿತ್ತು, ದಾನವ್ವ ಇನ್ನೂ
‘ಸರೀರಿ, ಸರೀರಿ, ದಾರಿ ಬಿಡ್ರಿ’ ಅಂತ ಗೆಲ್ಲಾಕತ್ತಿದ್ಲು.
ಒಂದು, ಎರಡು, ಮೂರು...
ಆರು ಎಣಸೂದ್ರಾಗ ಚಿತ್ರ ಅಲ್ಲೇ ಗಟ್ಟಿ ಆತು,
ಕಾರಿನ ಮೂತಿ ಕಮರಿ ಕಡೆ.

ಆವಾಗ ಹಿಂದಿನ ಓಣಿಯಿಂದ,
ವೈರಿಲ್ಲದ, ಒಂದು ಎವಿಯೂ ತಡಾ ಇಲ್ಲದ,
ಆಕಿ ಬೈಗಳ ಕೇಳಿಸಿತು.
ಬ್ಯಾಟರಿ ಇನ್ನೂ ಇತ್ತು ಅನಸತೈತಿ.
ಕತ್ತಲದಾಗ ಯಾರಿಗೂ ಕಾಣದಂಗ ಆಡಾಕತ್ತಿದ್ಲು.